ಆಡಿದರೆ ಮಾತ್ರ ಅದು ಚೆಸ್ ಕಂಪ್ಯೂಟರ್

ಅಮೆರಿಕದ ಫಿಡೆಲಿಟಿ ಎಲೆಕ್ಟ್ರಾನಿಕ್ಸ್ ಕಂಪನಿ 1977ರಲ್ಲಿ ‘ಚೆಸ್ ಚಾಲೆಂಜರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮನೆಮಂದಿ ಕೊಂಡು ಮೇಜಿನ ಮೇಲಿಟ್ಟು ಆಡಬಹುದಾದ ಮೊದಲ ಚೆಸ್ ಕಂಪ್ಯೂಟರ್ ಅದು. ರಾನ್ ನೆಲ್ಸನ್ ಬರೆದ ಪ್ರೋಗ್ರಾಮ್, ಇಂಟೆಲ್ 8080 ಪ್ರೊಸೆಸರ್, ಕೆಂಪು ಅಂಕಿ ತೋರಿಸುವ ಪುಟ್ಟ ಪರದೆ, ಹತ್ತಾರು ಗುಂಡಿ, ಅಷ್ಟೇ ಅದರ ಬಂಡವಾಳ. ಮುಂದಿನ ಸುಮಾರು ಹದಿನೈದು ವರ್ಷ ಈ ಯಂತ್ರಗಳ ಸುಗ್ಗಿ. ಮ್ಯೂನಿಕ್‌ನ ಹೆಗೆನರ್ ಅಂಡ್ ಗ್ಲಾಸರ್ ಕಂಪನಿಯ ‘ಮೆಫಿಸ್ಟೊ’, ಹಾಂಗ್‌ಕಾಂಗ್‌ನ ನೊವಾಗ್, ಅದೇ ಊರಿನ ಸೈಸಿಸ್ (ಮುಂದೆ ಸೈಟೆಕ್), ಮರದ ಪೆಟ್ಟಿಗೆಯಲ್ಲಿ ಬಂದ ‘ಬೋರಿಸ್’ ಹೀಗೆ ನೂರಾರು ಮಾದರಿಗಳು ಬಂದುಹೋದವು. ಆ ಕಂಪನಿಗಳಲ್ಲಿ ಹೆಚ್ಚಿನವು ಈಗಿಲ್ಲ. ಸರ್ವಿಸ್ ಸೆಂಟರ್ ಇಲ್ಲ, ಬಿಡಿಭಾಗ ತಯಾರಿಸುವವರಿಲ್ಲ. ಹಾಗಾಗಿ ಇವುಗಳನ್ನು ಸಂಗ್ರಹಿಸಲು ಹೊರಟವರು ರಿಪೇರಿಯನ್ನೂ ಕಲಿಯಬೇಕಾಗುತ್ತದೆ. ಕಪಾಟಿನಲ್ಲಿ ಚಂದ ಕಾಣುವ, ಆದರೆ ಒಂದು ಆಟ ಮುಗಿಸಲಾಗದ ಚೆಸ್ ಕಂಪ್ಯೂಟರ್ ಅರ್ಧ ವಸ್ತು ಮಾತ್ರ. ರಿಪೇರಿ ಎಂದೊಡನೆ ಹೆದರಬೇಕಿಲ್ಲ. ಈ ಯಂತ್ರಗಳಲ್ಲಿ ಕೆಡುವ ಭಾಗಗಳು ಬಹುಪಾಲು ತೀರಾ ಸಾಧಾರಣವಾದವು: ಸ್ಪ್ರಿಂಗ್, ತಂತಿ, ಸ್ವಿಚ್ಚು, ಅಡಾಪ್ಟರ್. ಲೆಕ್ಕ ಹಾಕುವ ಚಿಪ್ಪು ಹೆಚ್ಚಿನ ಸಲ ಒಳಗೆ ಸುರಕ್ಷಿತವಾಗಿಯೇ ಇರುತ್ತದೆ.

ಆಡಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಹಳೆಯ ರೇಡಿಯೊದಲ್ಲಿ ಬರುವ ಕಾರ್ಯಕ್ರಮ ಹೊರಗಿನದು, ಪೆಟ್ಟಿಗೆಯಷ್ಟೇ ನಮ್ಮದು. ಚೆಸ್ ಕಂಪ್ಯೂಟರ್‌ನಲ್ಲಿ ಹಾಗಲ್ಲ. ಒಬ್ಬ ಪ್ರೋಗ್ರಾಮರ್ ಚೆಸ್ಸನ್ನು ಹೇಗೆ ಅರ್ಥ ಮಾಡಿಕೊಂಡಿದ್ದ ಎಂಬುದು ಅದರ ಪ್ರೋಗ್ರಾಮ್ ಹಿಡಿದಿಡುವ ರೋಮ್ ಚಿಪ್ಪಿನಲ್ಲಿ ಅಚ್ಚಾಗಿ ಕೂತಿದೆ, ಆಟ ಆಡಿದಾಗ ಮಾತ್ರ ಅದು ಕಾಣುತ್ತದೆ. ಡ್ಯಾನ್ ಮತ್ತು ಕ್ಯಾಥ್ ಸ್ಪ್ರ್ಯಾಕ್ಲೆನ್ ದಂಪತಿ ಫಿಡೆಲಿಟಿಗಾಗಿ ಬರೆದ ಪ್ರೋಗ್ರಾಮ್‌ಗಳು ಸಾಧ್ಯವಿರುವ ನಡೆಗಳನ್ನೆಲ್ಲ ಒಂದು ಆಳದವರೆಗೆ ಬಿಡದೆ ಜಾಲಾಡುತ್ತವೆ, ಹಾಗಾಗಿ ಹತ್ತಿರದ ಹೊಡೆತಗಳು ಅವುಗಳ ಕಣ್ಣು ತಪ್ಪುವುದು ಕಡಿಮೆ. ಡೇವಿಡ್ ಕಿಟಿಂಗರ್ ಬರೆದ, 1984ರ ನೊವಾಗ್ ‘ಸೂಪರ್ ಕಾನ್‌ಸ್ಟಲೇಶನ್’ 4 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್ ಇಟ್ಟುಕೊಂಡೂ ಎದುರಾಳಿಯ ರಾಜನ ಮೇಲೆ ನುಗ್ಗಲು ಕಾಯಿ ಬಲಿ ಕೊಡುವ ಸ್ವಭಾವದಿಂದ ಹೆಸರಾಯಿತು. ಇಂಗ್ಲೆಂಡಿನ ರಿಚರ್ಡ್ ಲ್ಯಾಂಗ್ ಮೆಫಿಸ್ಟೊಗಾಗಿ ಬರೆದ ಪ್ರೋಗ್ರಾಮ್‌ಗಳು ನಡೆಗಳನ್ನು ಆಯ್ದು, ಬೇಕಾದವನ್ನು ಮಾತ್ರ ಆಳವಾಗಿ ನೋಡುತ್ತವೆ. ಮೈಕ್ರೊಕಂಪ್ಯೂಟರ್‌ಗಳ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರುಗಳ ಹೆಸರನ್ನೇ ಅವುಗಳಿಗೆ ಇಟ್ಟರು: 1985ರ ಆ್ಯಮ್‌ಸ್ಟರ್‌ಡ್ಯಾಮ್, 1986ರ ಡಲ್ಲಾಸ್, 1987ರ ರೋಮಾ, 1988ರ ಅಲ್ಮೇರಿಯಾ, ನಂತರ ಪೋರ್ಟೊರೋಸ್, ಲಿಯಾನ್, ವ್ಯಾಂಕೂವರ್. ಅದೇ ಲ್ಯಾಂಗ್ ಬರೆದ ‘ಚೆಸ್ ಜೀನಿಯಸ್’ 1994ರ ಆಗಸ್ಟ್‌ನಲ್ಲಿ ಲಂಡನ್ನಿನ ವೇಗದ ಪಂದ್ಯಾವಳಿಯೊಂದರಲ್ಲಿ, ಪೆಂಟಿಯಂ ಕಂಪ್ಯೂಟರ್ ಮೇಲೆ ಓಡಿ, ವಿಶ್ವ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್‌ರನ್ನು ಸೋಲಿಸಿತು. ಡೀಪ್ ಬ್ಲೂ ಎಂಬ ಕಂಪ್ಯೂಟರ್ ಅದೇ ಕ್ಯಾಸ್ಪರೋವ್‌ರನ್ನು ಪಂದ್ಯಸರಣಿಯಲ್ಲಿ ಮಣಿಸಿದ್ದು ಅದಾದ ಮೂರು ವರ್ಷಕ್ಕೆ. ಆ ಹಾದಿಯ ಹಿಂದಿನ ಮೆಟ್ಟಿಲುಗಳು ಈ ಮೇಜಿನ ಯಂತ್ರಗಳು.

ಇದಕ್ಕೆ ತಕ್ಷಣ ಬರುವ ಆಕ್ಷೇಪವೆಂದರೆ, ಜೇಬಿನ ಫೋನಿನಲ್ಲಿರುವ ಉಚಿತ ಪ್ರೋಗ್ರಾಮ್ ಇವನ್ನೆಲ್ಲ ಕ್ಷಣದಲ್ಲಿ ಸೋಲಿಸುತ್ತದಲ್ಲ ಎಂಬುದು. ನಿಜ, ಸೋಲಿಸುತ್ತದೆ. ವಿಶ್ವ ಚಾಂಪಿಯನ್ನನ್ನೂ ಸೋಲಿಸುವ ಎದುರಾಳಿ ಸಾಮಾನ್ಯ ಆಟಗಾರನಿಗೆ ಏನೂ ಕಲಿಸುವುದಿಲ್ಲ ಎಂದು ಫೋನಿನ ಪ್ರೋಗ್ರಾಮಿನ ಬಲ ತಗ್ಗಿಸಿ ಆಡುತ್ತೇವೆ. ಬಲ ತಗ್ಗಿಸಿದ ಪ್ರೋಗ್ರಾಮ್ ಹಲವು ಸಲ ಇಪ್ಪತ್ತು ನಡೆ ಮಹಾರಥಿಯ ಹಾಗೆ ಆಡಿ, ಇಪ್ಪತ್ತೊಂದನೆಯದರಲ್ಲಿ ಬೇಕೆಂದೇ ಆನೆಯನ್ನು ಬಿಟ್ಟುಕೊಡುತ್ತದೆ. ಹಳೆಯ ಯಂತ್ರ ತನ್ನ ಪೂರ್ತಿ ಶಕ್ತಿ ಹಾಕಿ ಆಡುತ್ತದೆ, ಅದು ತಪ್ಪುವುದು ನಿಜವಾಗಿಯೂ ಕಾಣದ ಕಡೆ. ಆ ತಪ್ಪಿಗೆ ಒಂದು ತರ್ಕವಿರುತ್ತದೆ. ಐದಾರು ನಡೆಯಷ್ಟು ಮಾತ್ರ ಮುಂದೆ ನೋಡಬಲ್ಲ ಪ್ರೋಗ್ರಾಮ್, ಕುದುರೆ ಹೋಗುವುದು ಖಚಿತವೆಂದು ಗೊತ್ತಾದಾಗ, ನಡುವೆ ಅರ್ಥವಿಲ್ಲದ ಚೆಕ್ ಕೊಟ್ಟು, ಪದಾತಿಯೊಂದನ್ನು ಚೆಲ್ಲಿ, ಆ ನಷ್ಟವನ್ನು ತನ್ನ ದೃಷ್ಟಿಯ ಗಡಿಯಾಚೆ ತಳ್ಳುತ್ತದೆ. ಕಣ್ಣಿಗೆ ಕಾಣದ್ದು ಇಲ್ಲವೆಂದೇ ಅದರ ಲೆಕ್ಕ. ಪದಾತಿಯೂ ಹೋಗುತ್ತದೆ, ಕುದುರೆಯೂ ಹೋಗುತ್ತದೆ. ಇದನ್ನು ಗುರುತಿಸಿ ದೂರದ ಯೋಜನೆ ಹಾಕಿ ಗೆಲ್ಲುವುದು ಮನುಷ್ಯನಿಗೆ ಸಾಧ್ಯ, ಗೆದ್ದಾಗ ಆ ಗೆಲುವು ಸಂಪಾದಿಸಿದ್ದು ಎನಿಸುತ್ತದೆ. ಕ್ಲಬ್ ಮಟ್ಟದ ಆಟಗಾರನಿಗೆ ಇಷ್ಟು ಪ್ರಾಮಾಣಿಕ ಎದುರಾಳಿ ಸಿಗುವುದು ಕಷ್ಟ.

ಹಾಗಾದರೆ ಕೊಳ್ಳುವಾಗ ಪೆಟ್ಟಿಗೆಯ ಅಂದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಪ್ರೋಗ್ರಾಮ್ ಯಾರದು’ ಎಂಬುದು. ಒಂದೇ ಪ್ರೋಗ್ರಾಮನ್ನು ಕಂಪನಿಗಳು ಅಗ್ಗದ ಪ್ಲಾಸ್ಟಿಕ್ಕಿನಲ್ಲೂ ದುಬಾರಿ ಮರದ ಹಲಗೆಯಲ್ಲೂ ಮಾರಿದವು. ಮೊದಲ ಯಂತ್ರವಾಗಿ ಫ್ರಾನ್ಸ್ ಮೋರ್ಷ್ ಪ್ರೋಗ್ರಾಮ್ ಇರುವ ಸೈಟೆಕ್ ‘ಜಿಕೆ 2000’ ಅಥವಾ ಸ್ಪ್ರ್ಯಾಕ್ಲೆನ್ ದಂಪತಿಯ ಫಿಡೆಲಿಟಿ ‘ಎಕ್ಸಲೆನ್ಸ್’ ನನ್ನ ಆಯ್ಕೆ. ಎರಡೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು, ಆಟವೂ ಚೆನ್ನಾಗಿದೆ. ಅನುಭವ ಬಂದಮೇಲೆ ಎಡ್ ಶ್ರೋಡರ್‌ರ ಮೆಫಿಸ್ಟೊ ‘ಪೋಲ್ಗಾರ್’ ಕಡೆಗೋ ಲ್ಯಾಂಗ್‌ರ ಮಾಡ್ಯೂಲ್‌ಗಳ ಕಡೆಗೋ ಹೋಗಬಹುದು. ಮಾರುವವರಿಂದ ಬೋರ್ಡಿನ ಚಿತ್ರಕ್ಕಿಂತ ಮೊದಲು ಸೆಲ್ ಹಾಕುವ ಖಾನೆಯ ಚಿತ್ರ ತರಿಸಿಕೊಳ್ಳಿ. ಖಾನೆ ಸ್ವಚ್ಛವಾಗಿದ್ದರೆ ಅರ್ಧ ಚಿಂತೆ ಕಳೆಯಿತು. ಕಾಯಿಗಳು ಮೂಲದವೇ ಎಂದೂ ವಿಚಾರಿಸಿ, ಏಕೆಂದರೆ ಹಲವು ಮರದ ಬೋರ್ಡುಗಳು ಕಾಯಿಯ ತಳದಲ್ಲಿರುವ ಅಯಸ್ಕಾಂತದಿಂದಲೇ ನಡೆಯನ್ನು ಗುರುತಿಸುತ್ತವೆ. ಬೇರೆ ಕಾಯಿ ಇಟ್ಟರೆ ಅವಕ್ಕೆ ಏನೂ ತಿಳಿಯದು. ಅಮೆರಿಕ, ಜರ್ಮನಿ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಇಲ್ಲಿಗೆ ತರಿಸಿಕೊಳ್ಳುವವರು ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ರಿಪೇರಿಯಲ್ಲಿ ಮೊದಲ ಹೆಜ್ಜೆ ಯಾವಾಗಲೂ ವಿದ್ಯುತ್ತು. ‘ಸತ್ತಿದೆ’ ಎಂದು ಮಾರಾಟಕ್ಕೆ ಬರುವ ಎಷ್ಟೋ ಯಂತ್ರಗಳಿಗೆ ಬಂದಿರುವ ರೋಗ ತಪ್ಪು ಅಡಾಪ್ಟರ್. ಆ ಕಾಲದಲ್ಲಿ ಏಕರೂಪದ ನಿಯಮವೇ ಇರಲಿಲ್ಲ. ಕೆಲವಕ್ಕೆ ಡಿಸಿ ಬೇಕು, ಕೆಲವಕ್ಕೆ ಎಸಿ, ಡಿಸಿಯಲ್ಲೂ ಕೆಲವು ಪಿನ್ನಿನ ನಡುವೆ ಪ್ಲಸ್ ಕೇಳುತ್ತವೆ, ಕೆಲವು ಮೈನಸ್. ಪಿನ್ನು ತೂತಿಗೆ ಸರಿಹೊಂದಿತು ಎಂಬುದು ಏನನ್ನೂ ಹೇಳುವುದಿಲ್ಲ. ಯಂತ್ರದ ಹಿಂದಿನ ಅಥವಾ ಕೈಪಿಡಿಯ ಗುರುತು ನೋಡಿ: ಅಲೆಯಂತಹ ಗೆರೆ ಇದ್ದರೆ ಎಸಿ, ನೇರ ಗೆರೆಯ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ. ಅಮೆರಿಕದಿಂದ ಬಂದ ಅಡಾಪ್ಟರನ್ನು ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚಲೇಬಾರದು, ಅದು 120 ವೋಲ್ಟಿಗೆ ಮಾಡಿದ್ದು. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗೆ ಯಂತ್ರ ಜೋಡಿಸದೆ ಮಲ್ಟಿಮೀಟರ್ ಹಿಡಿದರೆ ಬರೆದದ್ದಕ್ಕಿಂತ ಮೂರ್ನಾಲ್ಕು ವೋಲ್ಟ್ ಹೆಚ್ಚು ತೋರಿಸಬಹುದು, ಅದು ಕೆಟ್ಟಿದೆ ಎಂದಲ್ಲ. ಯಂತ್ರ ಬಿಚ್ಚಿದ ಮೇಲೆ ಒಳಗಿನ ರೆಗ್ಯುಲೇಟರ್ ಹುಡುಕಿ. ಹೆಚ್ಚಿನವುಗಳಲ್ಲಿ ಮೂರು ಕಾಲಿನ 7805 ಇರುತ್ತದೆ, ಅದರ ಹೊರಕಾಲಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಸಿಗಬೇಕು. ಇಂಟೆಲ್ 8080 ಇರುವ ಆದಿಕಾಲದ ಚಾಲೆಂಜರ್‌ಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು: ಆ ಚಿಪ್ಪಿಗೆ ಪ್ಲಸ್ 5, ಪ್ಲಸ್ 12, ಮೈನಸ್ 5 ಎಂದು ಮೂರು ವೋಲ್ಟೇಜ್ ಬೇಕು, ಮೈನಸ್ 5 ಇಲ್ಲದೆ 12 ಮಾತ್ರ ಸಿಕ್ಕರೆ ಚಿಪ್ಪೇ ಹಾಳಾಗುವ ಅಪಾಯವಿದೆ. ಆನ್ ಮಾಡಿ ನೋಡೋಣ ಎಂಬ ಆತುರ ಅಲ್ಲಿ ಸಲ್ಲದು. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲ ಕೆಪಾಸಿಟರ್‌ಗಳನ್ನೂ ಕಿತ್ತು ಹೊಸದು ಹಾಕುವ ರೂಢಿ ಕೆಲವರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಉಬ್ಬಿದ, ಸೋರಿದ, ಅಳತೆಗೆ ಸಿಗದ ಕೆಪಾಸಿಟರನ್ನು ಮಾತ್ರ ಬದಲಿಸಿ. ಅನಗತ್ಯವಾಗಿ ಬೆಸುಗೆ ಕಡ್ಡಿ ಇಟ್ಟಷ್ಟೂ ಹಳೆಯ ಬೋರ್ಡಿನ ತಾಮ್ರದ ಗೆರೆ ಏಳುವ ಸಾಧ್ಯತೆ ಹೆಚ್ಚುತ್ತದೆ.

ಎರಡನೆಯ ದೊಡ್ಡ ಶತ್ರು ಒಳಗೇ ಮರೆತುಹೋದ ಸೆಲ್ಲುಗಳು. ಆಲ್ಕಲೈನ್ ಸೆಲ್ ಸೋರಿದಾಗ ಬರುವುದು ಕ್ಷಾರ. ಆದ್ದರಿಂದ ಅದನ್ನು ಬಿಳಿ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಶಮನ ಮಾಡಬೇಕು, ಆಮೇಲೆ ಶುದ್ಧ ನೀರಿನ ಒದ್ದೆ ಹತ್ತಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗವಸು, ಕನ್ನಡಕ ಇರಲಿ. ಹಸಿರು ಪುಡಿ ಹೋಯಿತೆಂದು ಅಲ್ಲಿಗೆ ನಿಲ್ಲಿಸಬೇಡಿ. ದ್ರವ ತಂತಿಯ ಪ್ಲಾಸ್ಟಿಕ್ ಹೊದಿಕೆಯೊಳಗೇ ಏರಿ ಬೋರ್ಡ್ ತನಕ ಹೋಗಿರುತ್ತದೆ. ತಂತಿಯ ತುದಿ ಸ್ವಲ್ಪ ಸುಲಿದು ನೋಡಿ, ತಾಮ್ರ ಕಪ್ಪಾಗಿದ್ದರೆ ತಂತಿಯನ್ನೇ ಬದಲಿಸಿ. ಹೊಸ ಸೆಲ್ ಹಾಕಿದರೂ ಆನ್ ಆಗದೆ ಅಡಾಪ್ಟರ್‌ನಲ್ಲಿ ಮಾತ್ರ ಓಡುವ ಯಂತ್ರವಿದ್ದರೆ ಅಡಾಪ್ಟರ್ ತೂತನ್ನು ಅನುಮಾನಿಸಿ. ಪಿನ್ನು ಹಾಕಿದಾಗ ಸೆಲ್ಲಿನ ದಾರಿ ಕಡಿಯುವ ಪುಟ್ಟ ಸ್ವಿಚ್ಚು ಅದರೊಳಗಿರುತ್ತದೆ, ಅದಕ್ಕೆ ಕಿಲುಬು ಹಿಡಿದರೆ ದಾರಿ ಮತ್ತೆ ಕೂಡುವುದೇ ಇಲ್ಲ. ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದರೇ ಕೆಲವೊಮ್ಮೆ ಸರಿಹೋಗುತ್ತದೆ. ಪರದೆಯಲ್ಲಿ ಅರ್ಥವಿಲ್ಲದ ಗೀಟುಗಳು ಬಂದರೆ ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು, ಮತ್ತೆ ಹಾಕಿ, ರಿಸೆಟ್ ತೂತಿನಲ್ಲಿ ಪೇಪರ್ ಕ್ಲಿಪ್ ಒತ್ತಿ. ನೆನಪಿನಲ್ಲಿ ಉಳಿದ ಕಸ ಅಳಿದು ಯಂತ್ರ ಮೊದಲಿನಂತಾಗಬಹುದು.

ಇನ್ನು ಬೋರ್ಡು. ಚೆಸ್ ಕಂಪ್ಯೂಟರಿನ ರಿಪೇರಿ ಬೇರೆ ಎಲೆಕ್ಟ್ರಾನಿಕ್ಸ್ ರಿಪೇರಿಗಿಂತ ಭಿನ್ನವಾಗುವುದೂ, ಸೊಗಸೆನಿಸುವುದೂ ಇಲ್ಲಿ. ಅರವತ್ತನಾಲ್ಕು ಮನೆಗೆ ಅರವತ್ತನಾಲ್ಕು ಪ್ರತ್ಯೇಕ ತಂತಿ ಎಳೆಯುವುದಿಲ್ಲ, ಎಂಟು ಅಡ್ಡ ಸಾಲು, ಎಂಟು ಉದ್ದ ಸಾಲು ಹೆಣೆದಿರುತ್ತಾರೆ. ಪ್ರತಿ ಮನೆಯೂ ಒಂದು ಅಡ್ಡ, ಒಂದು ಉದ್ದ ಗೆರೆ ಸೇರುವ ಜಾಗದ ಸ್ವಿಚ್ಚು. ಆದ್ದರಿಂದ ತಪ್ಪು ಎಲ್ಲಿದೆ ಎಂದು ಬೋರ್ಡೇ ಹೇಳುತ್ತದೆ. ಎಲ್ಲ ಮನೆಗಳನ್ನೂ ಒಂದೊಂದಾಗಿ ಒತ್ತಿ, ಕೆಲಸ ಮಾಡದವನ್ನು ಕಾಗದದ ಮೇಲೆ ಗುರುತಿಸಿ. ಒಂದೇ ಮನೆ ಸತ್ತಿದ್ದರೆ ಆ ಮನೆಯ ಸ್ವಿಚ್ಚಿನದೇ ದೋಷ. ‘ಇ’ ಸಾಲಿನ ಎಂಟೂ ಮನೆ ಸತ್ತಿದ್ದರೆ ಎಂಟು ಸ್ವಿಚ್ಚು ಒಟ್ಟಿಗೆ ಕೆಡುವುದು ಅಸಂಭವ, ಆ ಸಾಲಿನ ತಂತಿ, ಕನೆಕ್ಟರ್ ಅಥವಾ ಅದನ್ನು ನಡೆಸುವ ಚಿಪ್ಪು ನೋಡಬೇಕು. ಒಂದು ಮನೆ ಒತ್ತಿದರೆ ಇನ್ನೊಂದು ಮನೆ ದಾಖಲಾದರೆ ಎರಡು ಗೆರೆಗಳು ಎಲ್ಲೋ ತಾಗಿವೆ, ಇಲ್ಲವೇ ಯಾವುದೋ ಸ್ವಿಚ್ಚು ಮುಚ್ಚಿದಂತೆಯೇ ಅಂಟಿಕೊಂಡಿದೆ. ಮನೆಗಳ ಪಕ್ಕದ ಎಲ್‌ಇಡಿ ದೀಪಗಳನ್ನೂ ಹೀಗೆಯೇ ಹೆಣೆದಿರುವುದರಿಂದ ಅವಕ್ಕೂ ಇದೇ ತರ್ಕ ನಡೆಯುತ್ತದೆ. ಒತ್ತುವ ಬೋರ್ಡುಗಳಲ್ಲಿ ಎರಡು ತೆಳು ಹಾಳೆಗಳ ನಡುವೆ ಇಂಗಾಲದ ಲೇಪ ಇರುತ್ತದೆ. ಹಾಳೆಯನ್ನು ಮಡಿಚದೆ, ಉಜ್ಜದೆ, ಮೃದುವಾಗಿ ಧೂಳು ತೆಗೆದು, ಅದರ ಪಟ್ಟಿಯಂತಹ ಬಾಲ ಕನೆಕ್ಟರಿನಲ್ಲಿ ಸರಿಯಾಗಿ ಕೂರುವಂತೆ ಮಾಡಿದರೆ ಸಾಕಾಗುವುದುಂಟು. ಬಾಲ ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಲು ಹೋಗಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ವಿದ್ಯುತ್ ಹರಿಯುವ ಬೆಳ್ಳಿ ಬಣ್ಣದಿಂದ ಗೆರೆ ಎಳೆದು ಕೂಡಿಸಬೇಕು. ಅಯಸ್ಕಾಂತದ ಬೋರ್ಡುಗಳಲ್ಲಿ ಪ್ರತಿ ಮನೆಯ ಕೆಳಗೂ ರೀಡ್ ಸ್ವಿಚ್ ಎಂಬ ಗಾಜಿನ ಪುಟ್ಟ ಕೊಳವೆ ಇದೆ. ಅಯಸ್ಕಾಂತ ಹತ್ತಿರ ತಂದಾಗ ಮಲ್ಟಿಮೀಟರ್ ‘ಬೀಪ್’ ಎನ್ನಬೇಕು, ದೂರ ಮಾಡಿದಾಗ ನಿಲ್ಲಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದಾದ ವಸ್ತು ಅದು. ಕಾಲನ್ನು ಬಗ್ಗಿಸುವಾಗ ಗಾಜಿನ ಬುಡಕ್ಕೇ ಒತ್ತಡ ಬಿದ್ದರೆ ಕೊಳವೆ ಒಡೆಯುತ್ತದೆ, ಚಿಮಟಿಯಿಂದ ಕಾಲನ್ನು ಹಿಡಿದು ಅದರಾಚೆಗೆ ಬಗ್ಗಿಸಿ.

ಪರದೆ, ಗುಂಡಿಗಳ ವಿಷಯ ಬೇಗ ಮುಗಿಯುತ್ತದೆ. ಎಲ್‌ಸಿಡಿಯಲ್ಲಿ ಕೆಲವು ಗೆರೆ ಮಾಯವಾಗಿದ್ದರೆ, ಪರದೆಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿಯನ್ನು ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಕೂರಿಸಿ. ಗಾಜಿನೊಳಗೇ ಕಪ್ಪು ಮಸಿ ಹರಡಿದ್ದರೆ ಬೇರೆ ಯಂತ್ರದ ಪರದೆಯನ್ನೇ ಹುಡುಕಬೇಕು. ಎಷ್ಟು ಒತ್ತಿದರೂ ಕೆಲಸ ಮಾಡದ ರಬ್ಬರ್ ಗುಂಡಿಯ ತಳ ಮತ್ತು ಅದು ತಾಗುವ ಜಾಗ ಎರಡನ್ನೂ ಶುಚಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಚಿಪ್ಪುಗಳ ಬಗ್ಗೆ ಮಾತ್ರ ಮುಂದಾಲೋಚನೆ ಬೇಕು. ಕಾರ್ಖಾನೆಯಲ್ಲೇ ಅಚ್ಚಾದ ಮಾಸ್ಕ್ ರೋಮ್ ಬಹಳ ಗಟ್ಟಿ. ಆದರೆ ಮೇಲೆ ಗಾಜಿನ ಕಿಟಕಿಯಿರುವ ಎಪ್ರಾಮ್ ಚಿಪ್ಪಿನಲ್ಲಿ ಪ್ರೋಗ್ರಾಮ್ ಉಳಿದಿರುವುದು ಸೆರೆಹಿಡಿದ ವಿದ್ಯುದಾವೇಶದ ರೂಪದಲ್ಲಿ. ದಶಕಗಳಲ್ಲಿ ಅದು ಸೋರಿ ಬಿಟ್‌ಗಳು ಬದಲಾಗಬಹುದು. ಕಿಟಕಿಯ ಮೇಲಿನ ಸ್ಟಿಕ್ಕರ್ ಎಂದೂ ಕೀಳಬೇಡಿ, ಬೆಳಕು ಒಳಹೋಗದಂತೆ ತಡೆಯುವುದು ಅದೇ. ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ಸಾಕೆಟ್ಟಿನಲ್ಲಿರುವ ಎಪ್ರಾಮನ್ನು ಜೋಪಾನವಾಗಿ ತೆಗೆದು, ಎಪ್ರಾಮ್ ಪ್ರೋಗ್ರಾಮರ್ ಉಪಕರಣದಲ್ಲಿ ಓದಿಸಿ, ನಿಮ್ಮ ಯಂತ್ರಕ್ಕೆಂದು ಒಂದು ಪ್ರತಿ ಇಟ್ಟುಕೊಳ್ಳಿ. ಕೆಟ್ಟಮೇಲೆ ಓದಿಸಿ ಪ್ರಯೋಜನವಿಲ್ಲ. ಹಿಟಾಚಿಯ 6301 ಅಥವಾ ಎಚ್8 ಬಗೆಯ ಚಿಪ್ಪುಗಳಲ್ಲಿ ಪ್ರೊಸೆಸರ್, ನೆನಪು, ಪ್ರೋಗ್ರಾಮ್ ಎಲ್ಲವೂ ಒಂದೇ ತುಂಡಿನೊಳಗಿವೆ. ಅವು ಸುಟ್ಟರೆ ಅದೇ ಮಾದರಿಯ ಇನ್ನೊಂದು ಯಂತ್ರದಿಂದ ತೆಗೆಯುವುದೊಂದೇ ದಾರಿ. ಅಡಾಪ್ಟರ್ ಬಗ್ಗೆ ಅಷ್ಟು ಉದ್ದ ಬರೆದದ್ದಕ್ಕೆ ಕಾರಣವೂ ಇದೇ: ಚಿಪ್ಪು ತಾನಾಗಿ ಸಾಯುವುದು ಅಪರೂಪ, ತಪ್ಪು ಕರೆಂಟು ಕೊಟ್ಟು ನಾವೇ ಅದನ್ನು ಸಾಯಿಸುವುದು ಹೆಚ್ಚು.

ಹಳೆಯ ವಸ್ತುವನ್ನು ಇದ್ದಂತೆಯೇ ಬಿಡಬೇಕು, ಕೈ ಹಾಕಿದರೆ ಮೂಲರೂಪ ಕೆಡುತ್ತದೆ ಎನ್ನುವ ಸಂಗ್ರಾಹಕರೂ ಇದ್ದಾರೆ. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಸೋರುವ ಸೆಲ್ಲನ್ನು ಇದ್ದಂತೆ ಬಿಟ್ಟರೆ ಮೂಲರೂಪ ಉಳಿಯುವುದಿಲ್ಲ, ಬೋರ್ಡನ್ನೇ ತಿಂದುಹಾಕುತ್ತದೆ. ಇಲ್ಲಿ ಅನುಸರಿಸಬಹುದಾದ ಗೆರೆ ಹೀಗಿದೆ: ಮುಂದೆ ಬರುವವರು ಬೇಕೆಂದರೆ ಹಿಂದಿರುಗಿಸಬಹುದಾದ ಬದಲಾವಣೆಯಷ್ಟೇ ಮಾಡಬೇಕು. ತಂತಿ, ಕೆಪಾಸಿಟರ್, ರೀಡ್ ಸ್ವಿಚ್ ಬದಲಿಸುವುದು ಆ ಗೆರೆಯೊಳಗಿದೆ. ತೆಗೆದ ಭಾಗವನ್ನು ಚೀಟಿ ಬರೆದು ಪೊಟ್ಟಣದಲ್ಲಿಡಿ. ಮರದ ಚೌಕಟ್ಟಿಗೆ ಹೊಸ ವಾರ್ನಿಷ್ ಬಳಿಯುವುದು, ಹೊಸ ಪಿನ್ನಿಗಾಗಿ ಪೆಟ್ಟಿಗೆ ಕೊರೆಯುವುದು ಗೆರೆಯಾಚೆ. ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೊಜನ್ ಪೆರಾಕ್ಸೈಡ್‌ನಿಂದ ಬಿಳುಪು ಮಾಡುವ ವಿಧಾನವನ್ನೂ ನಾನು ಹೊರಗಿಡುತ್ತೇನೆ. ಹಳದಿ ಮತ್ತೆ ಬರಬಹುದು, ಬಣ್ಣ ತೇಪೆತೇಪೆಯಾಗಬಹುದು, ಆಟಕ್ಕಂತೂ ಅದರಿಂದ ಲಾಭವಿಲ್ಲ. ಕಂಪನಿಯದೇ ತಪ್ಪಿದ್ದರೆ ಅದೂ ಹಾಗೆಯೇ ಇರಲಿ. ಮೊದಲ ಚೆಸ್ ಚಾಲೆಂಜರ್‌ನಲ್ಲಿ ಅಕ್ಷರ, ಅಂಕಿಗಳನ್ನು ರೂಢಿಗೆ ವಿರುದ್ಧವಾಗಿ, ಅದಲುಬದಲಾಗಿ ಅಚ್ಚು ಹಾಕಿದ್ದರು. ಅದನ್ನು ತಿದ್ದಿದರೆ ಚರಿತ್ರೆಯ ಸಾಕ್ಷಿಯೇ ಅಳಿಯುತ್ತದೆ.

ಪೆಟ್ಟಿಗೆಯೇ ಬೇಡ, ಅದೇ ಪ್ರೋಗ್ರಾಮ್ ಎಮ್ಯುಲೇಟರ್‌ನಲ್ಲಿ ಓಡುತ್ತದಲ್ಲ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಮೇಮ್ ಎಂಬ ಉಚಿತ ಯೋಜನೆ ಹಳೆಯ ಚೆಸ್ ಕಂಪ್ಯೂಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಇಂದಿನ ಕಂಪ್ಯೂಟರ್‌ನೊಳಗೆ ಮರುಸೃಷ್ಟಿಸಿದೆ, ಅದು ದೊಡ್ಡ ಉಪಕಾರ. ಆದರೆ ಆ ಪ್ರೋಗ್ರಾಮ್‌ಗಳು ಅಲ್ಲಿಗೆ ಬಂದದ್ದು ಯಾರೋ ಜೋಪಾನ ಮಾಡಿದ ನಿಜ ಯಂತ್ರದ ಚಿಪ್ಪುಗಳಿಂದ. ಎಮ್ಯುಲೇಟರನ್ನು ಪ್ರತಿಸ್ಪರ್ಧಿಯೆಂದು ನೋಡದೆ ಸಹಾಯಕನಂತೆ ಬಳಸುವುದು ಲಾಭಕರ. ಕೊಳ್ಳುವ ಮುಂಚೆ ಆ ಪ್ರೋಗ್ರಾಮ್ ನಿಮ್ಮ ಅಭಿರುಚಿಗೆ ಹೊಂದುತ್ತದೆಯೇ ಎಂದು ಅಲ್ಲಿ ಆಡಿ ನೋಡಬಹುದು. ರಿಪೇರಿಯಾದ ಮೇಲೆ ಚಿಪ್ಪಿನ ಆರೋಗ್ಯ ಪರೀಕ್ಷಿಸಲೂ ಬಳಸಬಹುದು: ಮೊದಲೇ ತುಂಬಿಟ್ಟಿರುವ ಆರಂಭದ ನಡೆಗಳು ಮುಗಿದಿರುವ ಒಂದು ಸ್ಥಿತಿಯನ್ನು ಎರಡರಲ್ಲೂ ಜೋಡಿಸಿ, ನಿಗದಿತ ಆಳದ ಒಂದೇ ಮಟ್ಟ ಇಟ್ಟು, ಒಂದೇ ಆವೃತ್ತಿಯ ಪ್ರೋಗ್ರಾಮ್ ಎಂದು ಖಚಿತಪಡಿಸಿಕೊಂಡು ನಡೆ ಕೇಳಿ. ಹಲವು ಸ್ಥಿತಿಗಳಲ್ಲಿ ಉತ್ತರ ಬೇರೆಬೇರೆ ಬಂದರೆ ನೆನಪಿನ ಚಿಪ್ಪನ್ನು ಪರೀಕ್ಷಿಸಬೇಕು. ಎಮ್ಯುಲೇಟರ್ ಕೊಡಲಾಗದ್ದು ಒಂದಿದೆ. ಕಾಯಿಯನ್ನು ಕೈಯಲ್ಲಿ ಹಿಡಿದು ನಿಜವಾದ ಬೋರ್ಡಿನ ಮುಂದೆ ಕೂತು ಯೋಚಿಸುವುದಕ್ಕೂ, ಪರದೆಯ ಮೇಲೆ ಚಿತ್ರ ಸರಿಸುವುದಕ್ಕೂ ಆಟಗಾರನ ಗಮನದಲ್ಲಿ ವ್ಯತ್ಯಾಸವಿದೆ. ದೊಡ್ಡ ಪಂದ್ಯಾವಳಿಗಳು ಇಂದಿಗೂ ಹೆಚ್ಚಾಗಿ ನಿಜವಾದ ಬೋರ್ಡು, ಕಾಯಿಗಳಲ್ಲೇ ನಡೆಯುತ್ತವೆ.

ಪೆಟ್ಟಿಗೆ ಮುಚ್ಚಿ ಸ್ಕ್ರೂ ಹಾಕುವ ಮೊದಲೇ ಪರೀಕ್ಷಾ ಆಟಗಳು ಮುಗಿಯಲಿ. ಬಿಳಿ ಕಾಯಿ ನಿಮ್ಮದಾಗಿಟ್ಟುಕೊಂಡು ಎಫ್3, ಜಿ4 ನಡೆಸಿ. ನಡುವೆ ಯಂತ್ರ ಇ5 ಅಥವಾ ಇ6 ಆಡಿದ್ದರೆ ರಾಣಿಯನ್ನು ಎಚ್4ಗೆ ತಂದು ಚೆಕ್‌ಮೇಟ್ ಮಾಡಲೇಬೇಕು. ಆಮೇಲೆ ಎರಡೂ ಬದಿಗೆ ಕ್ಯಾಸ್ಲಿಂಗ್, ಆನ್ ಪಾಸಾಂ, ಪದಾತಿಯ ಬಡ್ತಿ ಇವಿಷ್ಟೂ ಬರುವಂತೆ ಒಂದು ಪೂರ್ತಿ ಆಟ ಆಡಿ. ಆದಿಕಾಲದ ಕೆಲವು ಯಂತ್ರಗಳಿಗೆ ಎಲ್ಲ ನಿಯಮ ಗೊತ್ತಿರಲಿಲ್ಲ, ಕೈಪಿಡಿ ಓದದೆ ಅದನ್ನು ದೋಷವೆಂದು ಭಾವಿಸಬೇಡಿ. ಗಂಟೆಗಟ್ಟಲೆ ಯೋಚಿಸಿ ಉತ್ತರವೇ ಕೊಡದಿದ್ದರೆ ಮಟ್ಟ ನೋಡಿ. ತಡೆಯುವ ತನಕ ಯೋಚಿಸುತ್ತಲೇ ಇರುವ ವಿಶ್ಲೇಷಣೆಯ ಮಟ್ಟ ಹಲವು ಯಂತ್ರಗಳಲ್ಲಿದೆ. ಒಂದು ಗಂಟೆ ಓಡಿದ ಮೇಲೆ ರೆಗ್ಯುಲೇಟರಿನ ವೋಲ್ಟೇಜನ್ನು ಮತ್ತೊಮ್ಮೆ ಅಳೆಯಿರಿ, ಕಾದಾಗ ಮಾತ್ರ ಕಾಣಿಸಿಕೊಳ್ಳುವ ದೋಷ ಆಗ ಸಿಕ್ಕಿಬೀಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಈ ಯಂತ್ರಗಳಿಗೆ ಒಗ್ಗದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಬಿಸಿಲು ಬೀಳದ ಗಾಳಿಯಾಡುವ ಕಪಾಟಿನಲ್ಲಿಡಿ. ಸೆಲ್ಲುಗಳನ್ನು ಹೊರಗಿಡಿ. ಕೆಲವು ತಿಂಗಳಿಗೊಮ್ಮೆ ತೆಗೆದು ಒಂದು ಆಟ ಆಡಿದರೆ ಸ್ವಿಚ್ಚುಗಳಿಗೆ ಕಿಲುಬು ಹಿಡಿಯುವುದು ಕಡಿಮೆಯಾಗುತ್ತದೆ, ಹೊಸ ದೋಷ ಮೂಡಿದ್ದರೆ ಅದು ಸಣ್ಣದಿರುವಾಗಲೇ ಗೊತ್ತಾಗುತ್ತದೆ.